ಮರಿಗುದುರೆ ಮಂಕಾಗಿದೆಯೇ? ಚಂದಿ ಹೆಚ್ಚಿಸುವ ಮೊದಲು ಇಷ್ಟು ನೋಡಿ

ಜತ್ತ, ಮಂಗಳವೇಢೆ, ಅಕ್ಕಲಕೋಟೆ ಕಡೆ ಕುದುರೆ ಸಾಕುವವರಲ್ಲಿ ಎರಡು ಬಗೆ. ಕುರಿಹಿಂಡಿನ ಹಿಂದೆ ಊರೂರು ತಿರುಗುವಾಗ ಪಾತ್ರೆ, ಕಂಬಳಿ, ನಡೆಯಲಾರದ ಕುರಿಮರಿಗಳನ್ನು ಹೊರಿಸಲು ತಟ್ಟು (ಗಿಡ್ಡ ಕುದುರೆ) ಇಟ್ಟುಕೊಂಡವರು ಒಂದು ಬಗೆ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವವರು ಇನ್ನೊಂದು. ಇಬ್ಬರಲ್ಲಿ ಯಾರ ಮನೆಯ ಮರಿ ತಲೆ ತಗ್ಗಿಸಿ ಮೂಲೆ ಹಿಡಿದರೂ ಸಿಗುವ ಸಲಹೆ ಒಂದೇ: "ಕಡ್ಲಿ ಜಾಸ್ತಿ ಹಾಕ್ರಿ ಮಾವ, ತಾನ ಜಿಗೀತೈತಿ." ಕಡಲೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈ ಸಲಹೆ ಕೇಳಿದ ಮೇಲೆ ಜ್ವರ, ಹುಳು, ಹಲ್ಲು, ಕಣಿಕೆ (ಜೋಳದ ಒಣ ದಂಟು) ಯಾವುದೂ ವಿಚಾರಣೆಗೇ ಬರುವುದಿಲ್ಲ. ಚಂದಿ, ಅಂದರೆ ಮೇವಿನ ಜೊತೆ ಕೊಡುವ ಕಾಳು–ಹಿಂಡಿ, ಕೊನೆಯ ಮೆಟ್ಟಿಲು. ಅದಕ್ಕೂ ಮೊದಲು ನೋಡಬೇಕಾದ್ದು ಬಹಳಷ್ಟಿದೆ.

1. ಮೊದಲು ಜ್ವರ ನೋಡಿ

ಔಷಧಿ ಅಂಗಡಿಯ ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು. ಅದರ ಹಿಂತುದಿಗೆ ದಾರ ಕಟ್ಟಿ, ಮುಂತುದಿಗೆ ಸ್ವಲ್ಪ ಎಣ್ಣೆ ಸವರಿ. ಮರಿಯ ಹಿಂದೆ ನಿಲ್ಲಬೇಡಿ. ತೊಡೆಗೆ ಆತು ಪಕ್ಕದಲ್ಲಿ ನಿಂತು, ಬಾಲ ಸರಿಸಿ, ಗುದದ್ವಾರದಲ್ಲಿಟ್ಟು ನೋಡಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸರಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಚೀಟಿಯಲ್ಲಿ ಬರೆದಿಡಿ. ಒಂದೇ ಸಲ ನೋಡಿ ಬಿಟ್ಟರೆ ಬಂದು ಹೋಗುವ ಜ್ವರ ತಪ್ಪಿಸಿಕೊಳ್ಳುತ್ತದೆ.

ಆಮೇಲೆ ತುಟಿ ಎತ್ತಿ ಒಸಡು ನೋಡಿ. ತಿಳಿಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿಚಿದ್ದರೆ ಅಥವಾ ಹಳದಿಗೆ ತಿರುಗಿದ್ದರೆ ರಕ್ತದ ತೊಂದರೆಯ ಸಂಶಯ. ನಮ್ಮ ಬಿಸಿಲುನಾಡಿನಲ್ಲಿ ಎರಡು ರೋಗಗಳನ್ನು ಮುಖ್ಯವಾಗಿ ನೆನಪಿಡಬೇಕು. ಒಂದು, ರಕ್ತ ಹೀರುವ ದೊಡ್ಡ ನೊಣಗಳಿಂದ ಹರಡುವ ಸರ್ರಾ: ಜ್ವರ ಬಂದು ಹೋಗಿ ಮಾಡುತ್ತದೆ, ಕಾಲು ಮತ್ತು ಹೊಟ್ಟೆಯ ಅಡಿ ಬಾವು ಬರುತ್ತದೆ, ತಿಂದರೂ ಮರಿ ಸೊರಗುತ್ತದೆ. ಇನ್ನೊಂದು, ಉಣ್ಣಿಯಿಂದ ಬರುವ ರಕ್ತ ರೋಗ. ಇವೆರಡಕ್ಕೂ ಚಂದಿ ಮದ್ದಲ್ಲ. ಜ್ವರ ಇದ್ದರೆ ಈ ಲೇಖನ ಇಲ್ಲಿಗೇ ಮಡಚಿ ಪಶುವೈದ್ಯರಿಗೆ ಫೋನ್ ಮಾಡಿ. ಮೂಗಿನಲ್ಲಿ ಕೀವು, ಗದ್ದದ ಕೆಳಗೆ ಗಂಟು ಕಂಡರೆ ಆ ಮರಿಯನ್ನು ಉಳಿದವುಗಳಿಂದ ಅಂದೇ ಬೇರೆ ಕಟ್ಟಿ. ಅದರ ಬಕೆಟ್ಟೂ ಬೇರೆ ಇರಲಿ.

2. ಹುಳು, ಹಲ್ಲು

ಹೊಟ್ಟೆ ಗುಡಾಣ, ಪಕ್ಕೆಲುಬು ಲೆಕ್ಕಕ್ಕೆ ಸಿಗುವಂತೆ, ಕೂದಲು ಒರಟು. ಈ ಮೂರೂ ಒಟ್ಟಿಗೆ ಕಂಡರೆ ಜಂತುಹುಳುವಿನ ಗುಮಾನಿ ಪಡಲೇಬೇಕು. ದುಂಡುಹುಳುವಿನ ಕಾಟ ಎರಡು ವರ್ಷದೊಳಗಿನ ಮರಿಗಳಿಗೇ ಹೆಚ್ಚು. ತಾಜಾ ಲದ್ದಿಯನ್ನು ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ದರೆ ಮೊಟ್ಟೆ ಎಣಿಸಿ ಹೇಳುತ್ತಾರೆ. ಔಷಧಿಯನ್ನು ತೂಕಕ್ಕೆ ತಕ್ಕಂತೆ ಅವರೇ ಕೊಡಲಿ. ಹುಳು ತೀರಾ ಹೆಚ್ಚಿದ್ದಾಗ ಒಮ್ಮೆಲೇ ಎಲ್ಲ ಸತ್ತು ಕರುಳು ಕಟ್ಟಿಕೊಳ್ಳುವ ಅಪಾಯವಿದೆ. ದನಕ್ಕೆ ತಂದ ಇಂಜೆಕ್ಷನ್ ಮಿಕ್ಕಿದೆ ಎಂದು ಕುದುರೆಗೆ ಚುಚ್ಚಿಸುವ ಚಾಳಿ ಬಿಡಿ. ಲಾಯದ ಲದ್ದಿ ದಿನವೂ ತೆಗೆಯದಿದ್ದರೆ ಯಾವ ಔಷಧಿಯೂ ಹೆಚ್ಚು ದಿನ ಉಳಿಯುವುದಿಲ್ಲ.

ಮೇವನ್ನು ಅಗಿದು ಉಂಡೆ ಮಾಡಿ ಉಗುಳುತ್ತಿದ್ದರೆ, ತಲೆ ಓರೆ ಮಾಡಿ ತಿನ್ನುತ್ತಿದ್ದರೆ, ಲದ್ದಿಯಲ್ಲಿ ಇಡೀ ಕಾಳು ಕಂಡರೆ ಹಲ್ಲು ತೋರಿಸಿ.

3. ಟೇಪು ಹಿಡಿದು ತೂಕ ಕಟ್ಟಿ

ಕಣ್ಣಳತೆಯಲ್ಲಿ ತೂಕ ಹೇಳುವವರು ಪ್ರತಿ ಸಂತೆಯಲ್ಲೂ ಇರುತ್ತಾರೆ, ಪ್ರತಿಯೊಬ್ಬರದೂ ಬೇರೆ ಲೆಕ್ಕ. ದರ್ಜಿಯ ಟೇಪು ತನ್ನಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, ವರ್ಷದ ಆಸುಪಾಸಿನ ಮರಿಗಾದರೆ 10,900ರಿಂದ, ಬೆಳೆದ ಕುದುರೆಗಾದರೆ 11,900ರಿಂದ ಭಾಗಿಸಿ. ಸುತ್ತಳತೆ 130, ಉದ್ದ 115 ಇರುವ ಮರಿ ಸುಮಾರು 178 ಕಿಲೊ ತೂಗುತ್ತದೆ. ಭೀಮಾ ದಂಡೆಯ ಭೀಮಥಡಿ ತಟ್ಟುಗಳು ಗಿಡ್ಡ ಜಾತಿಯವು. ಮಾರವಾಡಿ ಕುದುರೆಯ ಪಕ್ಕ ನಿಲ್ಲಿಸಿ 'ಬೆಳೀಲೇ ಇಲ್ಲ' ಎಂದು ಕೊರಗಬೇಡಿ.

4. ಮೇವು: ಜೋಳದ ನಾಡಿನ ಎಚ್ಚರಿಕೆ

ಕುದುರೆಗೆ ದಿನಕ್ಕೆ ಅದರ ತೂಕದ ಶೇ 2ರಿಂದ 2.5ರಷ್ಟು ಒಣ ಲೆಕ್ಕದ ಆಹಾರ ಬೇಕು. ಅದರಲ್ಲಿ ಕನಿಷ್ಠ ಶೇ 1.5 ಮೇವೇ ಆಗಿರಬೇಕು. ಅಂದರೆ 180 ಕಿಲೊ ಮರಿಗೆ ಒಟ್ಟು ನಾಲ್ಕೂವರೆ ಕಿಲೊ ಆಹಾರ. ಅದರಲ್ಲಿ ಮೂರು–ಮೂರೂವರೆ ಕಿಲೊ ಮೇವು.

ನಮ್ಮಲ್ಲಿ ಸಿಗುವುದು ಜೋಳದ ಕಣಿಕೆ. ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಬರೀ ಕಣಿಕೆ ತಿಂದು ಬೆಳೆದ ಮರಿ ಮಂಕಾಗದೆ ಇನ್ನೇನಾದೀತು? ಅದಕ್ಕೆ ಜೊತೆ ಕುದುರೆ ಮಸಾಲೆ ಸೊಪ್ಪು, ಇಲ್ಲಿನ ಸಂತೆಯಲ್ಲಿ ಘಾಸ್ ಎಂದು ಮಾರುವ ಲೂಸರ್ನ್. ಎರಡೂವರೆ ಕಿಲೊ ಕತ್ತರಿಸಿದ ಕಣಿಕೆಗೆ ಐದು ಕಿಲೊ ಹಸಿ ಲೂಸರ್ನ್ ಸೇರಿಸಿ. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ, ಒಣ ಲೆಕ್ಕದಲ್ಲಿ ಕಿಲೊ ಬಂದರೆ ಹೆಚ್ಚು. ಕೊಯ್ದು ಅರ್ಧ ದಿನ ಬಾಡಿಸಿ ಕೊಡಿ. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಇದರಲ್ಲೇ ಧಾರಾಳ. ತೊಗರಿ ಹೊಟ್ಟು ಸಿಕ್ಕರೆ ಕಣಿಕೆಯ ಒಂದು ಪಾಲಿನ ಬದಲು ಹಾಕಬಹುದು.

ಇನ್ನು ಎಚ್ಚರಿಕೆ. ಹಸಿ ಜೋಳದ ಹೊಲಕ್ಕೆ, ಕೊಯ್ದ ಮೇಲೆ ಚಿಗುರಿದ ಕೂಳೆಗೆ ಕುದುರೆ ಬಿಡಬೇಡಿ. ಎಳೆ ಜೋಳದಲ್ಲಿ ಸಯನೈಡ್ ವಿಷ ಇರುವುದು ದನ ಸಾಕುವವರಿಗೆಲ್ಲ ಗೊತ್ತು. ಕುದುರೆಯಲ್ಲಿ ಅದು ಬೇರೆ ರೂಪದಲ್ಲಿ ಕಾಡುತ್ತದೆ: ವಾರಗಟ್ಟಲೆ ಹಸಿ ಜೋಳ ಮೇಯ್ದರೆ ಹಿಂಗಾಲು ತೂರಾಡುತ್ತವೆ, ಮೂತ್ರಕೋಶ ಹಿಡಿತ ತಪ್ಪಿ ಮೂತ್ರ ತೊಟ್ಟಿಕ್ಕುತ್ತದೆ. 'ಶಕ್ತಿ ಇಲ್ಲ, ಹಿಂದೆ ಜೋಲುತ್ತಿದೆ' ಎನ್ನುವ ಮರಿಗಳಲ್ಲಿ ಇದನ್ನೂ ಕೇಳಿ ತಿಳಿಯಬೇಕು. ನೇಪಿಯರ್ ಹುಲ್ಲನ್ನೇ ಮುಖ್ಯ ಮೇವು ಮಾಡಿದರೆ ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ದಕ್ಕಗೊಡುವುದಿಲ್ಲ. ಮಳೆಗೆ ತೊಯ್ದು ಬೂಸ್ಟು ಹಿಡಿದ ಬಣವೆಯ ಕಣಿಕೆಯನ್ನು ದನ ತಿಂದು ಅರಗಿಸಿಕೊಂಡೀತು, ಕುದುರೆಗೆ ಹಾಕಬೇಡಿ.

5. ಈಗ ಚಂದಿ

ಜ್ವರವಿಲ್ಲ, ಹುಳುವಿಗೆ ಔಷಧಿ ಆಗಿದೆ, ಮೇವು ಸರಿಯಾಗಿದೆ ಎಂದಾದ ಮೇಲೆ ತೊಬರಾ (ಕುದುರೆಯ ಬಾಯಿಗೆ ಕಟ್ಟುವ ಚಂದಿ ಚೀಲ) ಎತ್ತಿಕೊಳ್ಳಿ. 180 ಕಿಲೊ ಮರಿಯ ಒಂದು ದಿನದ ಚಂದಿ ಹೀಗಿರಲಿ: ನುಚ್ಚು ಮಾಡಿದ ಜೋಳ ಅಥವಾ ಗೋವಿನಜೋಳ 400 ಗ್ರಾಂ, ರಾತ್ರಿ ನೆನೆಹಾಕಿದ ಕಡಲೆ (ನೆನೆಯುವ ಮೊದಲಿನ ತೂಕ) 400 ಗ್ರಾಂ, ಸೋಯಾ ಹಿಂಡಿ 200 ಗ್ರಾಂ, ಗೋಧಿ ತವುಡು 100 ಗ್ರಾಂ. ಕಡಲೆಯ ಬದಲು ಬೇಯಿಸಿದ ಹುರುಳಿ ಹಾಕುವ ಮನೆಗಳೂ ಇವೆ, ಅಡ್ಡಿಯಿಲ್ಲ. ಇದನ್ನು ಮೂರು ಪಾಲು ಮಾಡಿ ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಕೊಡಿ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು. ಒಂದು ಹೊತ್ತಿಗೆ ತೂಕದ ಅರ್ಧ ಶೇಕಡಕ್ಕಿಂತ ಹೆಚ್ಚು, ಈ ಮರಿಗಾದರೆ 900 ಗ್ರಾಂ ದಾಟಿಸಿ ಕಾಳು ಸುರಿದರೆ ಹೊಟ್ಟೆಶೂಲೆ ಬಂದು ನೆಲಕ್ಕೆ ಬಿದ್ದು ಹೊರಳೀತು.

ಈ ಅಳತೆಗೆ ಒಂದೇ ದಿನ ಏರಬೇಡಿ. ನಾಲ್ಕನೇ ಒಂದು ಪಾಲಿನಿಂದ ಶುರು ಮಾಡಿ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ.

ತವುಡು ಅಗ್ಗ ಎಂದು ಬುಟ್ಟಿಗಟ್ಟಲೆ ಹಾಕುವವರಿಗೆ ಒಂದು ಮಾತು: ಅದರಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಲೆಕ್ಕ ತಲೆಕೆಳಗಾದರೆ ಮೈ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮರಿ ಕುಂಟುತ್ತದೆ, ದವಡೆ ಊದಿಕೊಳ್ಳುತ್ತದೆ. ಹತ್ತಿಕಾಳಿನ ಹಿಂಡಿ ಮರಿಗೆ ಬೇಡ. ದನ, ಕೋಳಿಗಳಿಗೆಂದು ತಯಾರಾದ ಚೀಲದ ಆಹಾರವಂತೂ ಬೇಡವೇ ಬೇಡ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ದನ ಅದನ್ನು ತಡೆದುಕೊಳ್ಳುತ್ತದೆ, ಕುದುರೆಯ ಹೃದಯ ತಡೆಯುವುದಿಲ್ಲ.

ಕಾಳು ಬೇಕಾಬಿಟ್ಟಿ ಕೊಟ್ಟು ಬೇಗ ಬೆಳೆಸಿದರೆ ಮೈ ತುಂಬುತ್ತದೆ, ಕೀಲು ಹಾಳಾಗುತ್ತದೆ. ಬೆರಳಾಡಿಸಿದರೆ ಪಕ್ಕೆಲುಬು ಸಿಗಬೇಕು, ದೂರದಿಂದ ಕಾಣಬಾರದು. ಅಷ್ಟು ಮೈ ಸಾಕು.

6. ನೀರು, ಉಪ್ಪು

ನೂರು ಕಿಲೊ ತೂಕಕ್ಕೆ ದಿನಕ್ಕೆ ಐದು ಲೀಟರ್ ನೀರು. ಏಪ್ರಿಲ್–ಮೇ ಬಿಸಿಲಿಗೆ ಇದರ ದುಪ್ಪಟ್ಟು. ಅಡುಗೆ ಉಪ್ಪು 180 ಕಿಲೊ ಮರಿಗೆ ದಿನಕ್ಕೆ ಸುಮಾರು 20 ಗ್ರಾಂ, ಚಂದಿಯಲ್ಲೇ ಬೆರೆಸಿ.

7. ಕಟ್ಟಿ ಹಾಕಬೇಡಿ, ಏರಲೂ ಬೇಡಿ

ದಿನವಿಡೀ ಗೂಟಕ್ಕೆ ಕಟ್ಟಿದ ಮರಿ ಚುರುಕಾಗುವುದು ಹೇಗೆ? ಬೆಳಗ್ಗೆ ಸಂಜೆ ಬಯಲಿಗೆ ಬಿಡಿ, ಇನ್ನೊಂದು ಕುದುರೆ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಹಗ್ಗ ಕಟ್ಟಿ ಸಣ್ಣ ಸುತ್ತಿನಲ್ಲಿ ಗಿರಗಿರನೆ ಓಡಿಸುವುದು ಬೇಡ, ಎಳೆ ಕಾಲಿಗೆ ಅದು ಪೆಟ್ಟು. ಮದುವೆ ಸೀಜನ್ ಬಂತೆಂದು ಎರಡು ವರ್ಷದ ಮರಿಯ ಮೇಲೆ ಮದುಮಗನನ್ನು ಹತ್ತಿಸುವುದನ್ನು ಕಂಡಾಗ ಮೈ ಉರಿಯುತ್ತದೆ. ಮೊಣಕಾಲಿನ ಮೂಳೆಯ ಬೆಳವಣಿಗೆ ಮುಗಿಯುವುದೇ ಎರಡು–ಎರಡೂವರೆ ವರ್ಷಕ್ಕೆ. ಬೆನ್ನೆಲುಬಿನದು ಅದಕ್ಕೂ ಬಹಳ ತಡ. ಮೂರು ವರ್ಷ ತುಂಬುವವರೆಗೆ ಬೆನ್ನಿಗೆ ಭಾರ ಬೇಡ. ಮಾಉಲಿಯ (ಸಂತ ಜ್ಞಾನೇಶ್ವರರ) ಪಾಲಕಿಗಾಗಿ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಪುಣೆ ಬಳಿಯ ಆಳಂದಿಗೆ ನಡೆದೇ ಹೋಗುವ ಅಶ್ವಗಳನ್ನು ನೋಡಿ ಆಸೆಪಡುವುದು ಸಹಜ. ಅಷ್ಟು ದೂರ ಬೆಳೆದ ಕುದುರೆಯ ಕೆಲಸ.

8. ಹದಿನೈದು ದಿನಕ್ಕೊಮ್ಮೆ ಟೇಪು

ಅದೇ ಜಾಗ, ಅದೇ ಹೊತ್ತು, ಚಂದಿಗೆ ಮೊದಲು ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದೂವರೆ ತಿಂಗಳೊಳಗೆ ಕೂದಲಿಗೆ ಹೊಳಪು ಬಂದು, ಸುತ್ತಳತೆ ಏರಿದರೆ ಇದೇ ದಾರಿಯಲ್ಲಿ ಮುಂದುವರಿಯಿರಿ. ಏರದಿದ್ದರೆ ಕಾಳು ಹೆಚ್ಚಿಸದೆ ರಕ್ತ ಪರೀಕ್ಷೆ ಮಾಡಿಸಿ. ಆಗ ಥರ್ಮಾಮೀಟರಿನ ಆ ಚೀಟಿ ಕೆಲಸಕ್ಕೆ ಬರುತ್ತದೆ. ಜ್ವರ ಏರಿದ ಹೊತ್ತಿಗೇ ವೈದ್ಯರನ್ನು ಕರೆಸಿ ರಕ್ತ ತೆಗೆಸಿ. ಸರ್ರಾದ ರೋಗಾಣು ರಕ್ತದಲ್ಲಿ ಕಣ್ಣಿಗೆ ಬೀಳುವುದು ಆಗಲೇ ಹೆಚ್ಚು.