ಟ್ಯಾಬ್‌ನಿಂದ ಟಿವಿಗೆ: ವೈರ್ ತರಿಸುವ ಮೊದಲು ಟ್ಯಾಬ್ ನೋಡಿ

ಅಕ್ಕನ ಮನೆಯ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿ ಮೂರು ವೈರ್‌ಗಳಿವೆ. ಮೂರೂ ಹೊಸವು. ಮಗಳು ಸಿಇಟಿ ಪಾಠಗಳನ್ನು ಟ್ಯಾಬ್‌ನಲ್ಲಿ ಕತ್ತು ಬಗ್ಗಿಸಿಕೊಂಡು ನೋಡುತ್ತಾಳೆ, ಟಿವಿಯಲ್ಲಿ ದೊಡ್ಡದಾಗಿ ಕಾಣಿಸಲಿ ಅಂತ ಭಾವ ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದರು. ಸಿಕ್ಕಿಸಿದರು. ಟಿವಿಯಲ್ಲಿ ‘ನೋ ಸಿಗ್ನಲ್’. ವೈರ್ ಕೆಟ್ಟಿರಬೇಕು ಅಂತ ಇನ್ನೊಂದು ತರಿಸಿದರು. ಅದೂ ಅಷ್ಟೇ. ಮೂರನೆಯದನ್ನು ಅಂಗಡಿಗೇ ಹೋಗಿ ಜಾಸ್ತಿ ದುಡ್ಡು ಕೊಟ್ಟು ತಂದರು. ನಾನು ಹೋದಾಗ ಹೊಸ ಟಿವಿಯನ್ನೇ ಕೊಳ್ಳುವ ಮಾತು ನಡೆದಿತ್ತು.

ವೈರ್‌ನಲ್ಲಿ ದೋಷ ಇರಲಿಲ್ಲ. ಟಿವಿಯಲ್ಲೂ ಇರಲಿಲ್ಲ. ಆ ಟ್ಯಾಬ್‌ನ ಚಾರ್ಜಿಂಗ್ ಪೋರ್ಟಿನಿಂದ ಚಿತ್ರ ಹೊರಗೆ ಬರುವುದೇ ಇಲ್ಲ. ಇದೇ ತಪ್ಪನ್ನು ಇನ್ನೂ ನಾಲ್ಕೈದು ಮನೆಗಳಲ್ಲಿ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಹಂತ 1: ನಿಮ್ಮ ಟ್ಯಾಬ್‌ನಿಂದ ಚಿತ್ರ ಹೊರಬರುತ್ತದಾ?

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಈಗಿನ ಟ್ಯಾಬ್‌ಗಳಲ್ಲಿ ಮೊಟ್ಟೆಯಾಕಾರದ ಚಿಕ್ಕ ಪೋರ್ಟ್ ಇರುತ್ತದೆ. ಅದೇ ಟೈಪ್-ಸಿ. ತಲೆಕೆಳಗಾಗಿ ಹಾಕಿದರೂ ಕೂರುತ್ತದೆ. ಟೈಪ್-ಸಿ ಅನ್ನುವುದು ಪೋರ್ಟಿನ ಆಕಾರದ ಹೆಸರು ಮಾತ್ರ. ಒಳಗೆ ಏನೇನು ಹರಿಯುತ್ತದೆ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಒಂದು ಟ್ಯಾಬ್‌ನಲ್ಲಿ ಕರೆಂಟ್ ಮತ್ತು ಫೈಲ್ ಮಾತ್ರ ಹೋಗಬಹುದು. ಇನ್ನೊಂದರಲ್ಲಿ ಅದೇ ಆಕಾರದ ಪೋರ್ಟಿನಿಂದ ಚಿತ್ರವೂ ಹೋಗಬಹುದು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಚಿತ್ರ ಹೋಗಬೇಕಾದರೆ ಟ್ಯಾಬ್‌ನೊಳಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂಬ ಸೌಲಭ್ಯ ಇರಬೇಕು. ಅದು ಟ್ಯಾಬ್ ತಯಾರಾಗುವಾಗಲೇ ಒಳಗೆ ಬಂದಿರಬೇಕು. ಆಮೇಲೆ ಆ್ಯಪ್ ಹಾಕಿಯೋ ಅಪ್‌ಡೇಟ್ ಮಾಡಿಯೋ ಸೇರಿಸಲು ಆಗುವುದಿಲ್ಲ.

ತಿಳಿದುಕೊಳ್ಳುವುದು ಹೇಗೆ? ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ಒತ್ತಿ ಮಾಡೆಲ್ ಹೆಸರನ್ನು ಪೂರ್ತಿಯಾಗಿ ಬರೆದುಕೊಳ್ಳಿ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ವಿವರದಲ್ಲಿ ‘ಡಿಸ್‌ಪ್ಲೇಪೋರ್ಟ್’ ಅಥವಾ ‘ವಿಡಿಯೊ ಔಟ್’ ಎಂಬ ಪದ ಹುಡುಕಿ. ಇದ್ದರೆ ವೈರ್ ನಡೆಯುತ್ತದೆ. ಬರೀ ‘ಯುಎಸ್‌ಬಿ 2.0’ ಅಂತ ಇದ್ದರೆ ಹೆಚ್ಚು ಕಡಿಮೆ ಖಂಡಿತವಾಗಿ ನಡೆಯುವುದಿಲ್ಲ.

ಹೆಸರು ಹೇಳಿಯೇ ಹೇಳುತ್ತೇನೆ, ಆಗ ಸುಲಭ. ಸ್ಯಾಮ್ಸಂಗ್‌ನಲ್ಲಿ ಟ್ಯಾಬ್ ಎಸ್7, ಎಸ್8, ಎಸ್9ರಂಥ ದುಬಾರಿ ಮಾಡೆಲ್‌ಗಳಿಂದ ಚಿತ್ರ ಬರುತ್ತದೆ. ಟ್ಯಾಬ್ ಎ7, ಎ8, ಎ9ಗಳಿಂದ ಬರುವುದಿಲ್ಲ. ಎಸ್6 ಲೈಟ್ ಹೆಸರಿನಲ್ಲಿ ‘ಎಸ್’ ಇದೆ ಅಂತ ನಂಬಬೇಡಿ, ಅದರಿಂದಲೂ ಬರುವುದಿಲ್ಲ. ಟೈಪ್-ಸಿ ಇರುವ ಐಪ್ಯಾಡ್‌ಗಳಿಂದ, ಅಂದರೆ 2018ರ ಐಪ್ಯಾಡ್ ಪ್ರೊ, 2020ರ ಏರ್, 2021ರ ಮಿನಿ, 2022ರ ಹತ್ತನೇ ಪೀಳಿಗೆಯ ಐಪ್ಯಾಡ್ ಮತ್ತು ಆಮೇಲಿನವುಗಳಿಂದ ಬರುತ್ತದೆ. ಈ ಹತ್ತನೇ ಪೀಳಿಗೆಯದು ಫೈಲ್ ಕಳಿಸುವಾಗ ಯುಎಸ್‌ಬಿ 2.0ರ ವೇಗದಲ್ಲೇ ಇರುತ್ತದೆ, ಆದರೂ ಚಿತ್ರ ಕೊಡುತ್ತದೆ. ಹಾಗಾಗಿಯೇ ‘ಹೆಚ್ಚು ಕಡಿಮೆ’ ಅಂದೆ.

ಅದಕ್ಕೂ ಹಳೆಯ ಐಪ್ಯಾಡ್‌ಗಳಲ್ಲಿ ಲೈಟ್ನಿಂಗ್ ಪೋರ್ಟ್ ಇದೆ. ಅದಕ್ಕೆ ಆ್ಯಪಲ್‌ನದ್ದೇ ಡಿಜಿಟಲ್ ಎವಿ ಅಡಾಪ್ಟರ್ ಬೇಕು. ಬೆಲೆ ಜಾಸ್ತಿ, ನಿಜ. ಆದರೂ ಅದನ್ನೇ ಕೊಳ್ಳಿ. ಅಗ್ಗದ ನಕಲಿ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಪಕ್ಕದಿಂದ ಬೇರೆ ಕರೆಂಟ್ ಕೊಡದಿದ್ದರೆ ಏಳುವುದೇ ಇಲ್ಲ. ಸಿಕ್ಕಿಸಿದ ಕೂಡಲೇ ‘ಈ ಕಂಪ್ಯೂಟರನ್ನು ನಂಬುತ್ತೀರಾ’ ಅಂತ ಐಪ್ಯಾಡ್ ಕೇಳುತ್ತದೆ. ಟಿವಿಗೆ ಹೋಗುವ ವೈರ್ ಸಿಕ್ಕಿಸಿದರೆ ಈ ಪ್ರಶ್ನೆ ಯಾಕೆ ಬರಬೇಕು, ಅಲ್ವಾ?

ಇನ್ನೂ ಒಂದು ಬಗೆಯ ಅಡಾಪ್ಟರ್ ಇದೆ. ‘ಎಲ್ಲ ಟ್ಯಾಬ್‌ಗೂ ಆಗುತ್ತದೆ’ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಒಳಗೆ ಒಂದು ಚೀಟಿ, ಚೀಟಿಯಲ್ಲಿ ಕ್ಯುಆರ್ ಕೋಡ್. ಸ್ಕ್ಯಾನ್ ಮಾಡಿದರೆ ಪ್ಲೇ ಸ್ಟೋರ್‌ನಲ್ಲಿಲ್ಲದ ಆ್ಯಪ್ ಇಳಿಯುತ್ತದೆ. ಆ ಆ್ಯಪ್‌ಗೆ ನಿಮ್ಮ ಪರದೆಯನ್ನು ಪೂರ್ತಿ ನೋಡುವ ಅನುಮತಿ ಬೇಕಂತೆ. ಅದೇ ಟ್ಯಾಬ್‌ನಲ್ಲಿ ನಿಮ್ಮ ಬ್ಯಾಂಕಿನ ಆ್ಯಪ್ ಇದೆ, ಓಟಿಪಿ ಬರುತ್ತದೆ. ದಯವಿಟ್ಟು ಇದನ್ನು ಮಾಡಬೇಡಿ. ಎಂಥ ಅವಸರ ಇದ್ದರೂ ಬೇಡ.

ಹಂತ 2: ವೈರ್ ನಡೆಯುವುದಾದರೆ

ಎಚ್‌ಡಿಎಂಐ ಅಂದರೆ ಚಿತ್ರ, ಶಬ್ದ ಎರಡನ್ನೂ ಒಂದೇ ವೈರ್‌ನಲ್ಲಿ ತೆಗೆದುಕೊಳ್ಳುವ ಟಿವಿಯ ಪೋರ್ಟ್. ಬರೀ ಟೈಪ್-ಸಿ ಟು ಎಚ್‌ಡಿಎಂಐ ವೈರ್ ಕೊಳ್ಳಬೇಡಿ. ಮೂರು ಪೋರ್ಟ್ ಇರುವ ಚಿಕ್ಕ ಅಡಾಪ್ಟರ್ ಕೊಳ್ಳಿ. ಒಂದು ಎಚ್‌ಡಿಎಂಐ, ಒಂದು ಯುಎಸ್‌ಬಿ, ಇನ್ನೊಂದು ಚಾರ್ಜಿಂಗ್‌ಗೆ. ಬರೀ ವೈರ್ ಹಾಕಿದರೆ ಟ್ಯಾಬ್‌ನ ಒಂದೇ ಒಂದು ಪೋರ್ಟನ್ನು ಅದೇ ಹಿಡಿದುಕೊಳ್ಳುತ್ತದೆ. ಪಾಠದ ಮಧ್ಯೆ ಚಾರ್ಜ್ ಮುಗಿದರೆ ಏನು ಮಾಡುತ್ತೀರಿ?

ಎಚ್‌ಡಿಎಂಐ ಕೇಬಲ್ ಮೂರು ಮೀಟರಿನದು ಇರಲಿ. ಒಂದೂವರೆ ಮೀಟರಿನದು ಟಿವಿ ಹಿಂದಿನಿಂದ ಬಗ್ಗಿ ಬರುವಷ್ಟರಲ್ಲೇ ಮುಗಿದುಹೋಗುತ್ತದೆ.

ಸಿಕ್ಕಿಸಿ. ಟಿವಿ ರಿಮೋಟಿನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಒತ್ತಿ, ಯಾವ ಎಚ್‌ಡಿಎಂಐಗೆ ಹಾಕಿದ್ದೀರೋ ಅದನ್ನು ಆರಿಸಿ. ಇಷ್ಟೇ.

ರಿಮೋಟ್ ಅಂದರೆ ಟಿವಿಯದು, ಸೆಟ್‌ಟಾಪ್ ಬಾಕ್ಸಿನದಲ್ಲ. ಎಷ್ಟೋ ಮನೆಗಳಲ್ಲಿ ಟಿವಿ ರಿಮೋಟ್ ಸೆಲ್ ಇಲ್ಲದೆ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ. ಮೊದಲು ಅದನ್ನು ಹುಡುಕಿ, ಸೆಲ್ ಹಾಕಿ ಇಟ್ಟುಕೊಳ್ಳಿ.

ಹಂತ 3: ವೈರ್ ಇಲ್ಲದೆ

ವೈರ್ ನಡೆಯದಿದ್ದರೂ ಬೇಸರ ಬೇಡ. ವೈಫೈ ದಾರಿ ಇದೆ. ಅದರಲ್ಲೂ ಎರಡು ಬಗೆ. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಕ್ಯಾಸ್ಟ್. ಯೂಟ್ಯೂಬ್‌ನಲ್ಲಿ ವಿಡಿಯೊ ಹಾಕಿದಾಗ ಮೇಲೆ ಒಂದು ಚೌಕ, ಅದರ ಮೂಲೆಯಲ್ಲಿ ಮೂರು ಕಮಾನಿನ ಗೆರೆ ಇರುವ ಗುರುತು ಕಾಣಿಸುತ್ತದೆ. ಅದನ್ನು ಒತ್ತಿ ಟಿವಿಯ ಹೆಸರು ಆರಿಸಿದರೆ, ಆ ವಿಡಿಯೊವನ್ನು ಟಿವಿಯೇ ನೇರವಾಗಿ ಇಂಟರ್ನೆಟ್ಟಿನಿಂದ ತೆಗೆದುಕೊಳ್ಳುತ್ತದೆ. ಟ್ಯಾಬ್ ಬರೀ ರಿಮೋಟ್ ಆಗುತ್ತದೆ. ಪರದೆ ಆರಿಸಿ ಪಕ್ಕಕ್ಕಿಟ್ಟರೂ ವಿಡಿಯೊ ನಿಲ್ಲುವುದಿಲ್ಲ. ಚಾರ್ಜೂ ಹೆಚ್ಚು ಖರ್ಚಾಗುವುದಿಲ್ಲ.

ಎರಡನೆಯದು ಮಿರರಿಂಗ್. ಟ್ಯಾಬ್‌ನ ಪರದೆಯ ಮೇಲೆ ಏನಿದೆಯೋ ಅದೇ ಟಿವಿಯಲ್ಲೂ ಕಾಣುತ್ತದೆ. ಟ್ಯಾಬ್ ತನ್ನ ಪರದೆಯನ್ನು ಕ್ಷಣಕ್ಷಣವೂ ವಿಡಿಯೊ ಮಾಡಿ ಗಾಳಿಯಲ್ಲಿ ಕಳಿಸುತ್ತಿರುತ್ತದೆ. ಆದ್ದರಿಂದ ಟ್ಯಾಬ್ ಬಿಸಿಯಾಗುತ್ತದೆ, ಬೇಗ ಚಾರ್ಜ್ ಮುಗಿಯುತ್ತದೆ, ಮುಟ್ಟಿದ್ದು ಟಿವಿಯಲ್ಲಿ ಸ್ವಲ್ಪ ತಡವಾಗಿ ಕಾಣುತ್ತದೆ.

ಆ್ಯಪ್‌ನಲ್ಲಿ ಕ್ಯಾಸ್ಟ್ ಗುರುತು ಇದ್ದರೆ ಯಾವಾಗಲೂ ಅದನ್ನೇ ಬಳಸಿ. ಅದು ಇಲ್ಲದಿದ್ದಾಗ ಮಾತ್ರ ಮಿರರಿಂಗ್. ಪಾಠದ ಆ್ಯಪ್, ಪಿಡಿಎಫ್, ಗ್ಯಾಲರಿಯ ಫೋಟೊಗಳಿಗೆ ಅದು ಬೇಕಾಗುತ್ತದೆ.

ಮಿರರಿಂಗ್ ಶುರು ಮಾಡಲು ಮೇಲಿನಿಂದ ಬೆರಳು ಎಳೆದು ಚಿಕ್ಕ ಚಿಕ್ಕ ಗುರುತುಗಳ ಪಟ್ಟಿ ತೆರೆಯಿರಿ. ಸ್ಯಾಮ್ಸಂಗ್‌ನಲ್ಲಿ ‘ಸ್ಮಾರ್ಟ್ ವ್ಯೂ’, ಬೇರೆಯವುಗಳಲ್ಲಿ ‘ಕ್ಯಾಸ್ಟ್’, ‘ಸ್ಕ್ರೀನ್ ಕ್ಯಾಸ್ಟ್’, ‘ವೈರ್‌ಲೆಸ್ ಡಿಸ್‌ಪ್ಲೇ’ ಹೀಗೆ ಏನೋ ಒಂದು ಹೆಸರಿರುತ್ತದೆ. ಐಪ್ಯಾಡ್‌ನಲ್ಲಿ ‘ಸ್ಕ್ರೀನ್ ಮಿರರಿಂಗ್’. ಐಪ್ಯಾಡ್‌ಗೆ ಟಿವಿಯಲ್ಲಿ ಏರ್‌ಪ್ಲೇ, ಅಂದರೆ ವೈರ್ ಇಲ್ಲದೆ ಚಿತ್ರ ಕಳಿಸುವ ಆ್ಯಪಲ್‌ನ ಸೌಲಭ್ಯ, ಇರಬೇಕು. 2019ರಿಂದ ಈಚೆಗೆ ಸ್ಯಾಮ್ಸಂಗ್, ಎಲ್‌ಜಿ, ಸೋನಿಯ ಬಹಳಷ್ಟು ಮಾಡೆಲ್‌ಗಳಲ್ಲಿ ಅದು ಬಂದಿದೆ.

ಪಟ್ಟಿಯಲ್ಲಿ ಟಿವಿಯ ಹೆಸರೇ ಬರುತ್ತಿಲ್ಲ ಎಂಬ ದೂರು ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಮೊದಲು ಟ್ಯಾಬ್ ಯಾವ ನೆಟ್‌ನಲ್ಲಿದೆ ನೋಡಿ. ಸಿಮ್ ಇರುವ ಟ್ಯಾಬ್ ಆದರೆ ಅದು ಸುಮ್ನೆ ಮೊಬೈಲ್ ಡೇಟಾದಲ್ಲಿ ನಡೆಯುತ್ತಿರಬಹುದು. ಟಿವಿ ಮನೆಯ ವೈಫೈನಲ್ಲಿ, ಟ್ಯಾಬ್ ಸಿಮ್‌ನಲ್ಲಿ ಇದ್ದರೆ ಒಂದಕ್ಕೊಂದು ಕಾಣುವುದಿಲ್ಲ. ರೂಟರ್‌ನಲ್ಲಿ ಎರಡು ಹೆಸರಿದ್ದು, ಒಂದರ ಕೊನೆಯಲ್ಲಿ ‘5ಜಿ’ ಅಂತ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೂ ಎರಡನ್ನೂ ಒಂದೇ ಹೆಸರಿಗೆ ಸೇರಿಸಿ ನೋಡಿ. ‘ಗೆಸ್ಟ್’ ಹೆಸರಿಗೆ ಸೇರಿಸಿದ್ದರೆ ಖಂಡಿತ ಬದಲಿಸಿ. ಅದರಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ ಮಾಡಿರುತ್ತಾರೆ. ಐಪ್ಯಾಡ್‌ನ ಯೂಟ್ಯೂಬ್‌ನಲ್ಲಿ ಟಿವಿ ಕಾಣದಿದ್ದರೆ ಸೆಟ್ಟಿಂಗ್ಸ್‌ನ ‘ಪ್ರೈವಸಿ’ಯೊಳಗೆ ‘ಲೋಕಲ್ ನೆಟ್‌ವರ್ಕ್’ಗೆ ಹೋಗಿ ಯೂಟ್ಯೂಬ್ ಮುಂದಿನ ಗುಂಡಿ ಆನ್ ಮಾಡಿ. ಮೊದಲ ಸಲ ಕೇಳಿದಾಗ ‘ಬೇಡ’ ಒತ್ತಿದವರು ಬಹಳ ಜನ. ಇದ್ಯಾವುದೂ ಆಗದಿದ್ದರೆ ರೂಟರ್, ಟಿವಿ, ಟ್ಯಾಬ್ ಮೂರನ್ನೂ ಆರಿಸಿ ಆನ್ ಮಾಡಿ. ಟಿವಿಯನ್ನು ರಿಮೋಟಿನಿಂದಲ್ಲ, ಗೋಡೆಯ ಸ್ವಿಚ್‌ನಲ್ಲೇ ಆರಿಸಿ.

ಯೂಟ್ಯೂಬ್‌ಗೆ ಮಾತ್ರ ಇನ್ನೊಂದು ಒಳದಾರಿ ಇದೆ. ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ ವಿತ್ ಟಿವಿ ಕೋಡ್’ ತೆರೆದರೆ 12 ಅಂಕಿಗಳು ಬರುತ್ತವೆ. ಟ್ಯಾಬ್‌ನ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ‘ವಾಚ್ ಆನ್ ಟಿವಿ’ ಒತ್ತಿ ಅವನ್ನು ಹಾಕಿ. ಇದಕ್ಕೆ ಒಂದೇ ವೈಫೈ ಕೂಡ ಬೇಕಿಲ್ಲ.

ಮನೆಯಲ್ಲಿ ವೈಫೈ ಇಲ್ಲದವರು ಫೋನಿನ ಹಾಟ್‌ಸ್ಪಾಟ್ ಹಾಕಿ, ಟಿವಿ ಮತ್ತು ಟ್ಯಾಬ್ ಎರಡನ್ನೂ ಅದಕ್ಕೇ ಸೇರಿಸಬಹುದು. ಆದರೆ ಎಚ್ಚರ. ಟಿವಿ ದೊಡ್ಡ ಪರದೆ ಅಂತ ಹೆಚ್ಚಿನ ಗುಣಮಟ್ಟದ ವಿಡಿಯೊವನ್ನೇ ಎಳೆದುಕೊಳ್ಳುತ್ತದೆ. 1080ಪಿ ವಿಡಿಯೊ ಗಂಟೆಗೆ ಒಂದರಿಂದ ಮೂರು ಜಿಬಿ ತಿನ್ನಬಹುದು. ದಿನದ ಪ್ಯಾಕ್ ಒಂದೇ ಪಾಠಕ್ಕೆ ಮುಗಿಯುತ್ತದೆ. ಟಿವಿಯ ಯೂಟ್ಯೂಬ್‌ನಲ್ಲೇ ಗುಣಮಟ್ಟವನ್ನು 480ಕ್ಕೆ ಇಳಿಸಿ. ಬೋರ್ಡಿನ ಮೇಲಿನ ಅಕ್ಷರ ಅಷ್ಟರಲ್ಲೂ ಓದಲು ಬರುತ್ತದೆ.

ಟಿವಿ ಹಳೆಯದಾದರೆ

ಎಚ್‌ಡಿಎಂಐ ಇದೆ, ವೈಫೈ ಇಲ್ಲ ಅನ್ನುವಂಥ ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಸಾಕು. ಅದು ಎಚ್‌ಡಿಎಂಐಗೆ ಸಿಕ್ಕಿಸಿ, ವೈಫೈನಿಂದ ಟಿವಿಗೆ ವಿಡಿಯೊ ತರುವ ಪುಟ್ಟ ಸಾಧನ. ಹೊಸ ಟಿವಿ ಕೊಳ್ಳುವ ಅಗತ್ಯ ಖಂಡಿತ ಇಲ್ಲ. ಸ್ಟಿಕ್‌ಗೆ ಕರೆಂಟನ್ನು ಜೊತೆಗೆ ಬಂದ ಚಾರ್ಜರಿನಿಂದಲೇ ಕೊಡಿ. ಟಿವಿಯ ಹಿಂದಿನ ಯುಎಸ್‌ಬಿಗೆ ಸಿಕ್ಕಿಸುವುದು ಎಲ್ಲರಿಗೂ ಅಭ್ಯಾಸ. ಆದರೆ ಯುಎಸ್‌ಬಿ 2.0 ಪೋರ್ಟ್ ಕೊಡುವುದು ಅರ್ಧ ಆ್ಯಂಪಿಯರ್ ಅಷ್ಟೇ. ಸ್ಟಿಕ್‌ಗೆ ಅದು ಸಾಲದೆ ಮಧ್ಯೆ ಮಧ್ಯೆ ಆರಿ ಹೊತ್ತುತ್ತದೆ. ಆಗ ಸ್ಟಿಕ್ ಹಾಳಾಗಿದೆ ಅಂತ ವಾಪಸ್ ಕಳಿಸುತ್ತಾರೆ.

ದಪ್ಪ ಡಬ್ಬಿಯ ಟಿವಿಯಾದರೆ ಹಳದಿ, ಬಿಳಿ, ಕೆಂಪು ಪಿನ್‌ಗಳಿರುತ್ತವೆ. ಅದಕ್ಕೆ ಮಧ್ಯೆ ಒಂದು ಕನ್ವರ್ಟರ್ ಬೇಕು. ಅಂಗಡಿಯಲ್ಲಿ ‘ಎಚ್‌ಡಿಎಂಐ ಟು ಎವಿ’ ಅಂತಲೇ ಕೇಳಿ. ‘ಎವಿ ಟು ಎಚ್‌ಡಿಎಂಐ’ ಕೂಡ ಥೇಟ್ ಹಾಗೇ ಇರುತ್ತದೆ. ಅದೇ ಬಣ್ಣ, ಅದೇ ಅಳತೆ, ಅವೇ ಪಿನ್‌ಗಳು. ಆದರೆ ಸಿಗ್ನಲ್ ಒಂದೇ ದಿಕ್ಕಿಗೆ ಹೋಗುತ್ತದೆ, ತಿರುಗಿಸಿ ಹಾಕಿದರೆ ನಡೆಯುವುದಿಲ್ಲ. ಡಬ್ಬಿ ಒಡೆಯುವ ಮೊದಲೇ ಮೇಲೆ ಬರೆದದ್ದನ್ನು ಓದಿ. ಯಕ್ಷಗಾನ, ಭಜನೆ, ಧಾರಾವಾಹಿ ನೋಡಲು ಇದು ಚೆನ್ನಾಗಿಯೇ ಇದೆ. ಸಣ್ಣ ಅಕ್ಷರ ಓದಲು ಆಗುವುದಿಲ್ಲ.

ಎಲ್ಲ ಸರಿ, ಆದರೂ…

ಶಬ್ದ ಕೇಳುತ್ತಿದೆ, ಚಿತ್ರದ ಜಾಗದಲ್ಲಿ ಕಪ್ಪು. ಹಣ ಕೊಟ್ಟು ನೋಡುವ ಸಿನಿಮಾ ಆ್ಯಪ್‌ಗಳಲ್ಲಿ ಹೀಗಾಗುತ್ತದೆ. ಕಾಪಿ ಮಾಡದಿರಲಿ ಅಂತ ಅವರೇ ತಡೆದಿರುತ್ತಾರೆ. ಅಂಥವನ್ನು ಮಿರರ್ ಮಾಡುವ ಹಟ ಬೇಡ. ಟಿವಿ ಅಥವಾ ಸ್ಟಿಕ್‌ನಲ್ಲೇ ಆ ಆ್ಯಪ್ ತೆರೆಯಿರಿ.

ಚಿತ್ರ ಬಂದಿದೆ, ಶಬ್ದ ಇಲ್ಲ. ಟ್ಯಾಬ್‌ಗೆ ಬ್ಲೂಟೂತ್ ಇಯರ್‌ಬಡ್ಸ್ ಸೇರಿಕೊಂಡಿದೆಯಾ ನೋಡಿ.

ಐಪ್ಯಾಡ್‌ನ ಚಿತ್ರದ ಎರಡೂ ಪಕ್ಕ ಕಪ್ಪು ಪಟ್ಟಿ ಬರುವುದು ಸಹಜ. ಅದರ ಪರದೆ ಟಿವಿಗಿಂತ ಚೌಕ. ಚಿತ್ರದ ಅಂಚುಗಳೇ ಕತ್ತರಿಸಿಹೋಗಿ ಮೇಲಿನ ಸಾಲು ಕಾಣದಿದ್ದರೆ ಮಾತ್ರ ಟಿವಿಯ ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ. ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಇವುಗಳಲ್ಲಿ ಯಾವುದಿದೆಯೋ ಅದನ್ನು ಆರಿಸಿ.

ಹೊರದೇಶದಲ್ಲಿರುವ ಮಕ್ಕಳ ಜೊತೆ ವಿಡಿಯೊ ಕಾಲ್‌ಗೆ ಟಿವಿ ಬಹಳ ಚೆನ್ನಾಗಿರುತ್ತದೆ. ಅಜ್ಜಿ ತಾತ ಕೈಯಲ್ಲಿ ಟ್ಯಾಬ್ ಹಿಡಿದು ನಡುಗಬೇಕಿಲ್ಲ. ಟ್ಯಾಬನ್ನು ಸ್ಟ್ಯಾಂಡಿಗೆ ಒರಗಿಸಿ, ಟಿವಿಯ ಸರಿಯಾಗಿ ಕೆಳಗೆ ಇಡಿ. ಪಕ್ಕದ ಟೀಪಾಯಿಯ ಮೇಲಿಟ್ಟರೆ ಅವರು ಟಿವಿ ನೋಡಿ ಮಾತಾಡುವಾಗ ಆ ಕಡೆಯವರಿಗೆ ಕಿವಿ ಮಾತ್ರ ಕಾಣುತ್ತದೆ. ಟಿವಿಯ ವಾಲ್ಯೂಮ್ ಕಡಿಮೆ ಇರಲಿ, ಇಲ್ಲದಿದ್ದರೆ ಅವರ ದನಿ ಅವರಿಗೇ ಮರಳಿ ಕೇಳಿಸುತ್ತದೆ.

ಅಕ್ಕನ ಮನೆಯ ಟಿವಿಯಲ್ಲಿ ಮಿರರಿಂಗ್ ಸೌಲಭ್ಯ ಮೊದಲಿನಿಂದಲೂ ಇತ್ತು. ಟ್ಯಾಬ್ ಸಿಮ್‌ನಲ್ಲಿ ನಡೆಯುತ್ತಿತ್ತು, ಅದನ್ನು ಮನೆಯ ವೈಫೈಗೆ ಸೇರಿಸಿದೆ. ಎರಡು ನಿಮಿಷದಲ್ಲಿ ಫಿಸಿಕ್ಸ್ ಪಾಠ ಟಿವಿಯಲ್ಲಿ ಬಂತು. ಸ್ವಲ್ಪ ಹೊತ್ತಿಗೆ ಪಾಠದ ಮೇಲೆ ಅವಳ ಗೆಳತಿಯ ಮೆಸೇಜೂ ದೊಡ್ಡಕ್ಷರದಲ್ಲಿ ಬಂತು, ಮನೆಯವರೆಲ್ಲ ಓದಿದರು. ಹುಡುಗಿಯ ಮುಖ ಸಣ್ಣಗಾಯಿತು. ಹಾಗಾಗಿ ಮಿರರಿಂಗ್ ಶುರು ಮಾಡುವ ಮೊದಲು ‘ಡು ನಾಟ್ ಡಿಸ್ಟರ್ಬ್’ ಆನ್ ಮಾಡಿ. ಮುಗಿದ ಮೇಲೆ ಅದೇ ಗುರುತನ್ನು ಮತ್ತೆ ಒತ್ತಿ ‘ಡಿಸ್‌ಕನೆಕ್ಟ್’ ಮಾಡಿ. ಟಿವಿಯನ್ನು ಆರಿಸಿದರೆ ಸಾಕು ಅಂತ ಬಿಡಬೇಡಿ.