ಟಿಕೆಟ್ ದುಡ್ಡು ಯಾರು ಕೊಟ್ಟರು?

ಹೊರಗಿನ ರಾಜ್ಯದಿಂದ ಬಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರನ್ನು ನಾನು ಮೊದಲು ಕೇಳುವುದು ಒಂದೇ ಮಾತು. "ಊರಿಂದ ಇಲ್ಲಿಗೆ ಬರೋಕೆ ಟಿಕೆಟ್ ದುಡ್ಡು ಯಾರು ಕೊಟ್ಟರು?" ಸಂಬಳ, ಊಟ, ಓಟಿ ಎಲ್ಲ ಆಮೇಲೆ. ಇದನ್ನೇ ಮೊದಲು ಕೇಳಬೇಕು ಅಂತ ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ಬೆಂಗಳೂರಿನ ಒಂದು ಗಾರ್ಮೆಂಟ್ಸ್ ರಫ್ತು ಕಂಪನಿಯಲ್ಲಿ ನಾನು ಕಂಪ್ಲಯನ್ಸ್, ಅಂದರೆ ಕಾರ್ಮಿಕ ಕಾನೂನು, ನಿಯಮಗಳ ಪಾಲನೆ ನೋಡಿಕೊಳ್ಳುತ್ತೇನೆ. ಬ್ರಿಟನ್ನಿನಲ್ಲಿ 2015ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ಬಂತು. ಅಲ್ಲಿ ವ್ಯಾಪಾರ ಮಾಡುವ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಪ್ರತಿ ವರ್ಷ ಒಂದು ಹೇಳಿಕೆ ಪ್ರಕಟಿಸಬೇಕು. ತಮ್ಮಲ್ಲೂ ತಮಗೆ ಸರಕು ಬರುವ ಕಡೆಗಳಲ್ಲೂ ಗುಲಾಮಗಿರಿ ತಡೆಯಲು ಏನು ಮಾಡಿದೆವು ಅಂತ ಅದರಲ್ಲಿ ಹೇಳಬೇಕು. ಹಾಗಾಗಿ ನಮ್ಮ ಬಟ್ಟೆ ಕೊಳ್ಳುವ ಅಲ್ಲಿನ ಬಯರ್ ಕಡೆಯಿಂದ ಉದ್ದನೆಯ ಫಾರಂ ಬಂತು. ಬಲವಂತದ ದುಡಿಮೆ ಇದೆಯಾ? ಇಲ್ಲ. ಗುರುತಿನ ಚೀಟಿ ಇಟ್ಟುಕೊಳ್ಳುತ್ತೀರಾ? ಇಲ್ಲ. ಎಲ್ಲದಕ್ಕೂ ಇಲ್ಲ ಅಂತ ನಾನೇ ಟಿಕ್ ಹಾಕಿ ಕಳಿಸಿದೆ. ಜೀತ ಅಂದರೆ ಗೌಡರ ಹೊಲ, ದನದ ಕೊಟ್ಟಿಗೆ, ಅಜ್ಜಿ ಹೇಳುತ್ತಿದ್ದ ಕಾಲದ ಸಂಗತಿ ಅಂತ ನಂಬಿದ್ದೆ. ಮೆಷಿನ್ ಲೈನಿನಲ್ಲಿ, ಪಿಎಫ್ ಇಎಸ್‌ಐ ಕಟ್ಟುವ ಕಡೆ ಅದು ಹೇಗೆ ಇದ್ದೀತು?

ಅದು ನಮ್ಮ ಹಾಸ್ಟೆಲಿನಲ್ಲೇ ಇತ್ತು. ಒಡಿಶಾದಿಂದ ಬಂದ ಒಬ್ಬ ಹುಡುಗಿ, ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು ಅಂತ ಅಳುತ್ತಿದ್ದಾಳೆ ಎಂದು ಸುದ್ದಿ ಬಂತು. ರಜೆ ಕೊಡಲು ಯಾರದ್ದೂ ತಕರಾರಿರಲಿಲ್ಲ. ಆದರೂ ಹೋಗುತ್ತಿಲ್ಲ. ಅವಳ ಮಾತು ತಿಳಿಯುವ ಹೆಲ್ಪರ್ ಒಬ್ಬಳನ್ನು ಜೊತೆಗೆ ಕೂರಿಸಿಕೊಂಡು ವಿಚಾರಿಸಿದೆ. ಕರೆತಂದ ಏಜೆಂಟ್ ಅವಳ ಅಪ್ಪನಿಗೆ ಅಡ್ವಾನ್ಸ್ ಕೊಟ್ಟಿದ್ದ. ರೈಲಿನ ಖರ್ಚು, ದಾರಿಯ ಊಟ ಎಲ್ಲ ಅದಕ್ಕೆ ಸೇರಿಸಿದ್ದ. ತೀರುವವರೆಗೆ ಕೆಲಸ ಬಿಡುವಂತಿಲ್ಲ. ಅವಳ ಎಟಿಎಂ ಕಾರ್ಡೂ ಅವನ ಹತ್ತಿರವೇ ಇತ್ತು. ನಾವು ಸಂಬಳವನ್ನು ಸರಿಯಾಗಿ ಬ್ಯಾಂಕಿಗೆ ಹಾಕುತ್ತಿದ್ದೆವು. ಅದು ಅವಳ ಕೈ ಸೇರುತ್ತಿರಲಿಲ್ಲ. ಆ ಏಜೆಂಟನಿಗೆ ತಲೆಗಿಷ್ಟು ಅಂತ ಕಮಿಷನ್ ಕೊಡುತ್ತಿದ್ದದ್ದು ಕೂಡ ನಾವೇ.

ಅವತ್ತು ರಾತ್ರಿ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ಮೊದಲ ಸಲ ಪೂರ್ತಿ ಓದಿದೆ. ಅದರಲ್ಲಿ ಸರಪಳಿ, ಬೀಗದ ಮಾತೇ ಬೇಕಿಲ್ಲ. ಮುಂಗಡ ಪಡೆದ ಕಾರಣಕ್ಕೆ ಬೇರೆ ಕಡೆ ಕೆಲಸ ಹುಡುಕುವ, ಇಷ್ಟ ಬಂದಲ್ಲಿ ಓಡಾಡುವ ಹಕ್ಕು ಹೋದರೆ ಅದು ಜೀತ. ಅಂಥ ಸಾಲ ತೀರಿಸಬೇಕಾಗಿಯೇ ಇಲ್ಲ, ಕಾನೂನೇ ಅದನ್ನು ಅಳಿಸಿಹಾಕಿದೆ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿದೆ. ಬಡತನ, ಹಸಿವಿನಿಂದಾಗಿ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಅಂದಿದೆ.

ಆಡಳಿತದವರು ಏಜೆಂಟನನ್ನು ಕರೆಸಿ ಕಾರ್ಡ್ ವಾಪಸ್ ಕೊಡಿಸಿ ಮುಗಿಸೋಣ ಅಂದರು. ನಾನು ಒಪ್ಪಲಿಲ್ಲ. ಇಂಥದ್ದು ಕಂಡರೆ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಹತ್ತಿರ ಹೋಗಲೇಬೇಕು. ಅವರು ವಿಚಾರಣೆ ಮಾಡಿ ಬಿಡುಗಡೆ ಪತ್ರ ಕೊಟ್ಟರೆ ಮಾತ್ರ ಪುನರ್ವಸತಿಯ ದಾರಿ ತೆರೆಯುತ್ತದೆ. 2016ರ ಕೇಂದ್ರ ಯೋಜನೆಯಲ್ಲಿ ವಯಸ್ಕ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವಿದೆ. ನಾವು ನಾವೇ ಮಾತಾಡಿ ಮುಗಿಸಿದರೆ ಆ ಹಕ್ಕನ್ನೂ ಅವಳಿಂದ ಕಿತ್ತುಕೊಂಡ ಹಾಗೆ, ಅಲ್ವಾ? ವಾದ ಮಾಡಿ ದೂರು ಕೊಡಿಸಿದೆ. ಅವಳನ್ನು ಆ ವಾರವೇ ಕಂಪನಿ ಖರ್ಚಿನಲ್ಲಿ ತಾಯಿಯ ಹತ್ತಿರ ಕಳಿಸಿದೆವು.

ತಲೆಗಿಷ್ಟು ಅನ್ನುವ ಕಮಿಷನ್ ನಿಂತಿತು. ಈಗ ನಮ್ಮವರೇ ಊರುಗಳಿಗೆ ಹೋಗುತ್ತಾರೆ, ಜೊತೆಗೆ ಅದೇ ಕಡೆಯ ಒಬ್ಬ ಹಳೆಯ ಟೈಲರ್ ಇರುತ್ತಾಳೆ. ರೈಲಿನ ಖರ್ಚು, ವೈದ್ಯಕೀಯ ತಪಾಸಣೆ ಎಲ್ಲ ಕಂಪನಿಯದ್ದು. ಕೈಗೆ ಎಷ್ಟು ಬರುತ್ತದೆ, ಹಾಸ್ಟೆಲಿಗೆ ಎಷ್ಟು ಹೋಗುತ್ತದೆ ಅನ್ನುವುದನ್ನು ಅವರ ಭಾಷೆಯಲ್ಲೇ ಬರೆದು, ಊರು ಬಿಡುವ ಮೊದಲು ಓದಿ ಹೇಳುತ್ತೇವೆ.

ಕಷ್ಟವಾದದ್ದು ಹಾಸ್ಟೆಲಿನ ಗೇಟು. "ಹೆಣ್ಣುಮಕ್ಕಳು ಮೇಡಂ, ಏನಾದ್ರೂ ಆದ್ರೆ ಅವರ ಅಪ್ಪ ಅಮ್ಮನಿಗೆ ಯಾರು ಉತ್ತರ ಕೊಡ್ತಾರೆ?" ಅಂತ ವಾರ್ಡನ್ ಕೇಳಿದರು. ಅದು ಸುಮ್ನೆ ಆಡಿದ ಮಾತಲ್ಲ, ಅವರಿಗೆ ನಿಜಕ್ಕೂ ಕಾಳಜಿ ಇತ್ತು. ಆದರೆ ಅದೇ ಕಾಳಜಿಯಿಂದ ಹುಡುಗಿಯರು ವಾರಕ್ಕೆ ಎರಡು ಗಂಟೆ ಮಾತ್ರ ಹೊರಗೆ ಕಾಲಿಡುತ್ತಿದ್ದರು. ಆರು ತಿಂಗಳು ಎಳೆದಾಡಿದೆವು. ಕೊನೆಗೆ ಹುಡುಗಿಯರನ್ನೇ ಕೂರಿಸಿ ಕೇಳಿದೆವು. ನಮಗೆ ಅನುಮತಿ ಕೇಳೋದು ಬೇಡ, ಎಲ್ಲಿಗೆ ಹೋಗ್ತೀವಿ ಅಂತ ಹೇಳಿ ಹೋಗ್ತೀವಿ ಅಂದರು. ರಿಜಿಸ್ಟರಿನಲ್ಲಿ ಈಗ ಹಾಗೇ ನಡೆಯುತ್ತದೆ. ಬೀದಿ ದೀಪ ಇಲ್ಲದ ತಿರುವಿಗೆ ದೀಪ ಹಾಕಿಸಿದೆವು. ಆಧಾರ್, ಎಟಿಎಂ ಕಾರ್ಡ್ ಇಡಲು ಪ್ರತಿಯೊಬ್ಬರಿಗೂ ಲಾಕರ್ ಕೊಟ್ಟೆವು, ಕೀ ಅವರ ಹತ್ತಿರವೇ.

ನಮ್ಮ ಮನೆ ಸರಿಮಾಡಿಕೊಂಡ ಮೇಲೆ, ನಾವು ಕೊಳ್ಳುವ ಬಟ್ಟೆಯ ನೂಲು ಎಲ್ಲಿಂದ ಬರುತ್ತದೆ ಅಂತ ಬೆನ್ನು ಹತ್ತಿದೆ. ಬಟ್ಟೆಯ ಬಿಲ್ಲಿನಲ್ಲಿ ವ್ಯಾಪಾರಿಯ ಹೆಸರು ಬಿಟ್ಟರೆ ಏನೂ ಇರುವುದಿಲ್ಲ. ನೇಯುವ ಕಡೆ ಹೋಗಿ ನೂಲು ಸುತ್ತಿದ ಕೋನ್ ಮೇಲಿನ ಚೀಟಿ, ಚೀಲದ ಮೇಲಿನ ಲಾಟ್ ನಂಬರ್ ನೋಡಿದರೆ ಮಿಲ್ಲಿನ ಹೆಸರು ಸಿಗುತ್ತದೆ. ಹಾಗೆ ತಮಿಳುನಾಡಿನ ದಿಂಡಿಗಲ್, ತಿರುಪ್ಪೂರು ಕಡೆಯ ಮಿಲ್ಲುಗಳಿಗೆ ಹೋದೆ. ಆ ಭಾಗದಲ್ಲಿ ಸುಮಂಗಲಿ ಯೋಜನೆ ಅಂತ ಇತ್ತು. ಬಡ ಮನೆಯ ಹುಡುಗಿ ಮೂರು ವರ್ಷ ಹಾಸ್ಟೆಲಿನಲ್ಲಿದ್ದು ದುಡಿದರೆ ಮದುವೆಗೆ ಅಂತ ಕೊನೆಗೆ ಒಂದು ದೊಡ್ಡ ಮೊತ್ತ. ನಡುವೆ ಬಿಟ್ಟರೆ ಆ ಮೊತ್ತ ಕೈತಪ್ಪುತ್ತದೆ. ನಾನು ನೋಡಿದ ಎರಡು ಮಿಲ್ಲುಗಳಲ್ಲಿ ಆ ಹೆಸರು ಹೋಗಿತ್ತು, ಕೊನೆಗೆ ಕೊಡುವ ಲೆಕ್ಕ ಉಳಿದಿತ್ತು. ಒಳಗೆ ಎಲ್ಲರೂ ಒಂದೇ ಉತ್ತರ ಒಪ್ಪಿಸಿದರು. ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ತಮಿಳು ಬಲ್ಲ ಸಹೋದ್ಯೋಗಿಯ ಜೊತೆ ಕೂತಾಗ ನಿಜ ಹೊರಬಂತು.

ಆರ್ಡರ್ ನಿಲ್ಲಿಸಿಬಿಡಿ ಅಂತ ಕೆಲವರು ಹೇಳಿದರು. ಎರಡೂವರೆ ವರ್ಷ ದುಡಿದವಳ ದುಡ್ಡು ಆಗ ಯಾರ ಪಾಲು? ಅದಕ್ಕೇ ಮೊದಲು, ದುಡಿದಷ್ಟನ್ನು ತಿಂಗಳು ತಿಂಗಳು ಕೊಡಿ, ಬಾಕಿಯನ್ನು ಲೆಕ್ಕ ಮಾಡಿ ಚುಕ್ತಾ ಮಾಡಿ ಅಂತ ಕೇಳಿದೆವು. ಒಂದು ಮಿಲ್ ಒಪ್ಪಿತು. ಇನ್ನೊಂದು ಎಂಟು ತಿಂಗಳು ಕಾಗದ ತೋರಿಸುತ್ತಲೇ ಇತ್ತು. ಬಾಕಿ ಚುಕ್ತಾ ಮಾಡಿಸಿ ಅದನ್ನು ಬಿಟ್ಟೆವು.

ನಮ್ಮ ಪರ್ಚೇಸ್ ವಿಭಾಗದ ತಪ್ಪೂ ಇದರಲ್ಲಿದೆ. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾನೂನೇ ಇದೆ. ನಾವು 90 ದಿನ ಸತಾಯಿಸುತ್ತಿದ್ದೆವು. ನಮ್ಮ ಹೊಲಿಗೆ ಕೆಲಸವನ್ನು ಗುತ್ತಿಗೆಗೆ ಮಾಡಿಕೊಡುವ, ಕೈಯಲ್ಲಿ ಕಾಸಿಲ್ಲದ ಜಾಬ್ ವರ್ಕ್ ಮಾಲೀಕ ಎಲ್ಲಿ ಹಿಡಿಯುತ್ತಾನೆ? ಕೂಲಿಯಲ್ಲಿ. ಈಗ 45 ದಿನ ಮೀರಿದ ಬಿಲ್ ನನ್ನ ಮೇಜಿಗೂ ಬರುತ್ತದೆ. ಆರ್ಡರ್ ಕೊಡುವ ಮೊದಲು ಮೆಷಿನ್ ಎಣಿಸುತ್ತೇವೆ. 40 ಮೆಷಿನ್, ಶರ್ಟಿಗೆ 25 ನಿಮಿಷ, ದಿನಕ್ಕೆ 8 ಗಂಟೆ. ನೂರಕ್ಕೆ 60ರಷ್ಟು ದಕ್ಷತೆ ಹಿಡಿದರೆ ಸುಮಾರು 460 ಶರ್ಟ್. 900 ಬಂದರೆ ಮಿಕ್ಕದ್ದು ಎಲ್ಲೋ ನಮಗೆ ಕಾಣದ ಶೆಡ್ಡಿನಲ್ಲಿ ಹೊಲಿಸುತ್ತಿದ್ದಾರೆ ಅಂತಲೇ ಅರ್ಥ.

ಹೋದ ವಾರ ನಮ್ಮ ಒಂದು ವಾಷಿಂಗ್ ಘಟಕಕ್ಕೆ ಹೋಗಿದ್ದೆ. ಅಸ್ಸಾಮಿನಿಂದ ಹನ್ನೊಂದು ಹುಡುಗರು ಬಂದಿದ್ದಾರೆ. ಟಿಕೆಟ್ ದುಡ್ಡು ಯಾರು ಕೊಟ್ಟರು ಅಂತ ಕೇಳಿದೆ. ಹನ್ನೊಂದು ಜನವೂ ಸೂಪರ್‌ವೈಸರ್ ಮುಖ ನೋಡಿದರು. ಈ ಭಾನುವಾರ ಅಸ್ಸಾಮಿ ಬರುವ ಒಬ್ಬರನ್ನು ಕರೆದುಕೊಂಡು, ಆ ಹುಡುಗರು ಸಂತೆಗೆ ಬರುವ ಹೊತ್ತಿಗೆ ಹೋಗುತ್ತಿದ್ದೇನೆ.