ಹಳೆ ಗಾಡಿ ಮಾರಾಟದ ಜಿಎಸ್‌ಟಿ: 93,600 ಅಂದಿದ್ದು 9,035ಕ್ಕೆ ಮುಗಿದ ಲೆಕ್ಕ

ಅಂಗಡಿಯ ಹೆಸರಿನಲ್ಲಿದ್ದ ಕಾರು 2025ರ ಫೆಬ್ರವರಿಯಲ್ಲಿ 5.20 ಲಕ್ಷಕ್ಕೆ ಹೋಯಿತು. ಜಿಎಸ್‌ಟಿ ಎಷ್ಟು? ತೆರಿಗೆ ಲೆಕ್ಕ ನೋಡುವ ನಮ್ಮ ವೃತ್ತಿಯವರೇ ಹಲವರು ಹೇಳಿದ್ದು 93,600, ಅಂದರೆ ಪೂರ್ತಿ ಬೆಲೆಗೆ ಶೇ. 18. ನಾನು ಕಟ್ಟಿಸಿದ್ದು 9,035. ‘ನೋಟಿಸು ಬರುತ್ತೆ, ನೋಡ್ತಿರಿ’ ಅಂದರು. ಎಎಸ್‌ಎಂಟಿ-10, ಅಂದರೆ ರಿಟರ್ನ್ ಪರಿಶೀಲನೆಯ ನೋಟಿಸು, ಬಂದದ್ದು ನಿಜ. ಎಎಸ್‌ಎಂಟಿ-11ರಲ್ಲಿ ಉತ್ತರ ಹೋಯಿತು, ಉತ್ತರ ಒಪ್ಪಿದ ಎಎಸ್‌ಎಂಟಿ-12 ಬಂದು ವಿಷಯ ಮುಗಿಯಿತು.

ಆಧಾರ 8/2018ರ ಅಧಿಸೂಚನೆ. ಕೊಂಡಾಗ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಂಡಿರದಿದ್ದರೆ, ಸವಕಳಿ ಹಾಕಿದ ಗಾಡಿಗೆ ತೆರಿಗೆ ಬೀಳುವುದು ಮಾರ್ಜಿನ್ ಮೇಲೆ ಮಾತ್ರ: ಮಾರಿದ ಬೆಲೆಯಲ್ಲಿ ಆ ದಿನದ ಡಬ್ಲ್ಯೂಡಿವಿ (ಸವಕಳಿ ಹೋಗಿ ಲೆಕ್ಕದಲ್ಲಿ ಉಳಿದ ಬೆಲೆ) ಕಳೆದರೆ ಉಳಿಯುವಷ್ಟು. ಮೈನಸ್ ಬಂದರೆ ಸೊನ್ನೆ. ಇದು ಗೊತ್ತಿದ್ದವರೂ ಇದ್ದಾರೆ. ಆದರೆ ಎಡವುವುದು ಡಬ್ಲ್ಯೂಡಿವಿಯಲ್ಲೇ. ಆದಾಯ ತೆರಿಗೆ ಲೆಕ್ಕದಲ್ಲಿರುವುದು ಬ್ಲಾಕ್. ಮೂರು ಕಾರು, ಎರಡು ಸ್ಕೂಟರ್ ಎಲ್ಲ ಸೇರಿ ಒಂದೇ ಮೊತ್ತ. ಅದರಿಂದ ಒಂದೇ ಕಾರಿನ ಬೆಲೆ ತೆಗೆಯಿರಿ ಅಂದರೆ ಸಾಫ್ಟ್‌ವೇರ್ ಕೈಚೆಲ್ಲುತ್ತದೆ. ಹಾಗಾಗಿ ಪ್ರತಿ ಗಾಡಿಗೆ ಒಂದು ಸಾಲಿನಂತೆ ಬೇರೆ ಹಾಳೆ ಇಟ್ಟಿದ್ದೇನೆ: ಇನ್ವಾಯ್ಸ್ ದಿನಾಂಕ, ಬಳಕೆ ಶುರುವಾದ ದಿನ, ಮೊದಲ ವರ್ಷ 180 ದಿನ ಬಳಸಿದ್ದಾಯಿತೋ ಇಲ್ಲವೋ, ವರ್ಷವಾರು ಸವಕಳಿ. ಎಲ್ಲ ಸಾಲು ಕೂಡಿದರೆ ಬ್ಲಾಕಿನ ಮೊತ್ತಕ್ಕೆ ರೂಪಾಯಿ ರೂಪಾಯಿ ತಾಳೆಯಾಗಬೇಕು. ತಾಳೆಯಾಗದ ಹಾಳೆಯನ್ನು ಅಧಿಕಾರಿಯ ಮುಂದೆ ಇಡಲೇಬೇಡಿ.

ಈ ಕಾರಿನ ಸಾಲು ಹೀಗಿತ್ತು. 2020ರ ಆಗಸ್ಟ್‌ನಲ್ಲಿ ಕೊಂಡದ್ದು. ಜಿಎಸ್‌ಟಿ, ಸೆಸ್ ಸೇರಿ 7.80 ಲಕ್ಷ, ಲೈಫ್‌ಟೈಮ್ ಟ್ಯಾಕ್ಸ್ ಸುಮಾರು 1.20. ಒಟ್ಟು 9 ಲಕ್ಷ. ಶೇ. 15ರಂತೆ ನಾಲ್ಕು ವರ್ಷ ಇಳಿಸಿದರೆ 2024ರ ಏಪ್ರಿಲ್ 1ಕ್ಕೆ 4,69,806. ಮಾರಿದ ವರ್ಷಕ್ಕೆ ಸವಕಳಿ ಇಲ್ಲ, ಆದ್ದರಿಂದ ಆರಂಭದ ಬಾಕಿಯೇ ಡಬ್ಲ್ಯೂಡಿವಿ. ಮಾರ್ಜಿನ್ 50,194. ಅದಕ್ಕೆ ಶೇ. 18.

ಇದೇ ತರಹದ ಇನ್ನೊಂದು ಕಾರಿನಲ್ಲಿ ಹಿಂದಿನ ಅಕೌಂಟೆಂಟ್ ಲೈಫ್‌ಟೈಮ್ ಟ್ಯಾಕ್ಸನ್ನು ಖರ್ಚಿಗೆ ಬರೆದುಬಿಟ್ಟಿದ್ದರು. ಅಲ್ಲಿ ಇಳಿಸಲು ಸಿಕ್ಕಿದ್ದು 7.80 ಮಾತ್ರ. ಡಬ್ಲ್ಯೂಡಿವಿ 4.07ಕ್ಕೆ ಕುಸಿದು, ತೆರಿಗೆ 20 ಸಾವಿರ ದಾಟಿತು. ವಿಮೆ ಮಾತ್ರ ಗಾಡಿಯ ಬೆಲೆಗೆ ಸೇರುವುದಿಲ್ಲ, ಅದು ಆಯಾ ವರ್ಷದ ಖರ್ಚು.

ದರದ ಬಗ್ಗೆಯೂ ಒಂದು ಮಾತು. 2025ರ ಜನವರಿ 16ಕ್ಕೆ ಮೊದಲು ಸಣ್ಣ ಕಾರು, ಲಾರಿಗಳಿಗೆ ಮಾರ್ಜಿನ್ ಮೇಲೆ ಶೇ. 12 ಇತ್ತು, ದೊಡ್ಡ ಕಾರಿಗೆ ಮಾತ್ರ 18. ಜೈಸಲ್ಮೇರ್‌ನ 55ನೇ ಕೌನ್ಸಿಲ್ ಸಭೆಯ ನಂತರ ವಿದ್ಯುತ್ ಗಾಡಿಗೂ ಸೇರಿ ಎಲ್ಲಕ್ಕೂ 18. ಒಂದೂವರೆ ತಿಂಗಳು ಮೊದಲೇ ಮಾರಿದ್ದರೆ 6 ಸಾವಿರದಲ್ಲಿ ಮುಗಿಯುತ್ತಿತ್ತು. ಮಾಲೀಕರು ಈಗಲೂ ಅದನ್ನೇ ಎತ್ತಿ ಆಡುತ್ತಾರೆ.

ನೋಟಿಸಿನಲ್ಲಿ ಅಧಿಕಾರಿ ಮೊದಲು ಕೇಳಿದ್ದು ಕ್ರೆಡಿಟ್ ಬಗ್ಗೆ. ಕಾರಿನ ಜಿಎಸ್‌ಟಿ 2ಬಿಯಲ್ಲಿ, ಅಂದರೆ ಪೋರ್ಟಲ್ ತೋರಿಸುವ ಕ್ರೆಡಿಟ್ ಪಟ್ಟಿಯಲ್ಲಿ, ತಾನಾಗಿ ಬಂದು ಕೂತಿರುತ್ತದೆ. ಜಿಎಸ್‌ಟಿ ಕಾಯಿದೆಯ 17(5)ರಲ್ಲಿ ಅದಕ್ಕೆ ತಡೆ ಇದೆಯೆಂದು ಮರೆತು, ತೆರಿಗೆ ಕಟ್ಟುವ ರಿಟರ್ನ್ ಆದ 3ಬಿಯಲ್ಲಿ ತೆಗೆದುಕೊಂಡರೆ ಮಾರುವಾಗ ಮಾರ್ಜಿನ್ ಲೆಕ್ಕವೇ ಕೈಬಿಡುತ್ತದೆ. ಕೊಂಡ ತಿಂಗಳ 2ಬಿ ಮತ್ತು 3ಬಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಜೊತೆಗೆ ಇನ್ನೊಂದು ಕಾಗದವನ್ನೂ ಲಗತ್ತಿಸಿದ್ದೆ. ಅದು ಯಾವುದೆಂದು ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನದ ಮಾತು.

ಲಾರಿಯವರ ಲೆಕ್ಕ ಬೇರೆ. ಆರ್‌ಸಿಎಮ್‌ನಲ್ಲಿ (ಸೇವೆ ಪಡೆದವರೇ ತೆರಿಗೆ ಕಟ್ಟುವ ಪದ್ಧತಿ) ಶೇ. 5ರ ಸಾಗಣೆ ಮಾಡುವವರಿಗೆ ಕ್ರೆಡಿಟ್ ಇಲ್ಲ, ಆದ್ದರಿಂದ ಮಾರ್ಜಿನ್ ಸಿಗುತ್ತದೆ. ಆದರೆ ಬಾಡಿಗೆಗೆ ಓಡುವ ಲಾರಿಗೆ ಸವಕಳಿ ಶೇ. 30. ಮೂರು ವರ್ಷಕ್ಕೆ 26 ಲಕ್ಷದ ಗಾಡಿ 8.92ಕ್ಕೆ ಇಳಿಯುತ್ತದೆ. 11.50ಕ್ಕೆ ಮಾರಿದರೆ ತೆರಿಗೆ ಸುಮಾರು 46 ಸಾವಿರ. 1961ರ ಆದಾಯ ತೆರಿಗೆ ಕಾಯಿದೆಯ 44ಎಇಯಲ್ಲಿ, ಅಂದರೆ ಗಾಡಿಗೆ ಇಷ್ಟು ಆದಾಯವೆಂಬ ಅಂದಾಜಿನಲ್ಲಿ, ರಿಟರ್ನ್ ಹಾಕುವವರು ‘ನಾವು ಸವಕಳಿ ಹಾಕೇ ಇಲ್ಲ, ಕೊಂಡ ಬೆಲೆಯನ್ನೇ ಕಳೆಯಿರಿ’ ಅನ್ನುತ್ತಾರೆ. ಅಲ್ಲಿ ಸವಕಳಿ ಕೊಟ್ಟಾಗಿದೆ ಎಂದೇ ಕಾನೂನು ಭಾವಿಸುತ್ತದೆ. ಆ ವಾದವನ್ನು ನಾನು ಮುಟ್ಟುವುದಿಲ್ಲ.

ಇನ್ನು ಕ್ರೆಡಿಟ್ ತೆಗೆದುಕೊಂಡ ಲಾರಿ. ಇಲ್ಲಿ ಜಿಎಸ್‌ಟಿ ಕಾಯಿದೆಯ 18(6): ಬಳಸಿದ ಕಾಲಕ್ಕೆ ಕಳೆದು ಉಳಿದ ಕ್ರೆಡಿಟ್, ಮಾರಿದ ಬೆಲೆಯ ತೆರಿಗೆ, ಈ ಎರಡರಲ್ಲಿ ದೊಡ್ಡದನ್ನು ಕಟ್ಟಬೇಕು. 2022ರ ಆಗಸ್ಟ್ 10ರ ಇನ್ವಾಯ್ಸ್, 20 ಲಕ್ಷ, ಶೇ. 28ರಂತೆ ಕ್ರೆಡಿಟ್ 5.60. 2025ರ ಅಕ್ಟೋಬರ್ 20ಕ್ಕೆ 9.50ಕ್ಕೆ ಮಾರಾಟ. ತ್ರೈಮಾಸಿಕಕ್ಕೆ ಶೇ. 5ರಂತೆ 13 ತ್ರೈಮಾಸಿಕಕ್ಕೆ 65 ಕಳೆದರೆ 1.96 ಉಳಿಯಿತು. ನಿಯಮ 44ರ ತಿಂಗಳ ಲೆಕ್ಕದಲ್ಲೂ 60ರಲ್ಲಿ 21 ತಿಂಗಳು ಬಾಕಿ, ಅದೂ 1.96. ಮಾರಿದ ಬೆಲೆಯ ತೆರಿಗೆ 1.71 ಮಾತ್ರ, ಏಕೆಂದರೆ ಸೆಪ್ಟೆಂಬರ್ 22ರಿಂದ ಲಾರಿಗೆ 28 ಹೋಗಿ 18 ಬಂದಿದೆ. ಮೊದಲೆಲ್ಲ ಮಾರಿದ ಬೆಲೆಯ ತೆರಿಗೆಯೇ ದೊಡ್ಡದಿರುತ್ತಿತ್ತು, ಇನ್ನೊಂದನ್ನು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಈಗ ಎರಡನ್ನೂ ಹಾಕಲೇಬೇಕು. 1.96ಕ್ಕೂ 1.71ಕ್ಕೂ ನಡುವಿನ 25 ಸಾವಿರವನ್ನು ಕೊಂಡವರ ಬಿಲ್ಲಿಗೆ ಸೇರಿಸಲಾಗುವುದಿಲ್ಲ, ಅದು ಮಾರಿದವರ ಜೇಬಿನದು.

ಕಾದು ನೋಡಿದರೆ ಹೇಗೆ ಎಂದೂ ಲೆಕ್ಕ ಹಾಕಿದ್ದೆ. ನವೆಂಬರ್ 10 ದಾಟಿದರೆ ತ್ರೈಮಾಸಿಕದ ಲೆಕ್ಕ 1.68ಕ್ಕೆ ಇಳಿಯುತ್ತದೆ, ತಿಂಗಳ ಲೆಕ್ಕ 1.87ರಲ್ಲೇ ನಿಲ್ಲುತ್ತದೆ. ಎರಡೂ 1.71ರ ಕೆಳಗೆ ಬರಲು ಜನವರಿ ಮಧ್ಯ ಆಗಬೇಕು. ಅಷ್ಟರಲ್ಲಿ ವರ್ಷ ಬದಲಾಗಿ ಕೊಳ್ಳುವವರು 40-50 ಸಾವಿರ ಕಡಿಮೆ ಕೇಳುತ್ತಾರೆ. ಕೈಬಿಟ್ಟೆ. ಈ ಗಾಡಿಗೆ ಕ್ರೆಡಿಟ್ ತೆಗೆದ ತೆರಿಗೆಯ ಮೇಲೂ ಸವಕಳಿ ಹಾಕಿದ್ದರೆ 16(3)ರಲ್ಲಿ ಕ್ರೆಡಿಟ್ಟೇ ಹೋಗುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ.

ಇಂಥ ಲಾರಿಗೆ ನೋಂದಾಯಿತ ಗಿರಾಕಿಯನ್ನೇ ಹುಡುಕಿ. 1.71 ಅವರಿಗೆ ಕ್ರೆಡಿಟ್ ಸಿಗುವುದರಿಂದ ಬೆಲೆಯಲ್ಲಿ ಜಗ್ಗಾಡುವುದಿಲ್ಲ. ಹಳೆಯದನ್ನು ಶೋರೂಮಿಗೆ ಎಕ್ಸ್‌ಚೇಂಜ್ ಕೊಟ್ಟರೂ ಅದು ಮಾರಾಟವೇ, ಇನ್ವಾಯ್ಸ್ ಬೇಕು. ಹೊಸ ಗಾಡಿಯ ತೆರಿಗೆಯಂತೂ ಪೂರ್ತಿ ಬೆಲೆಗೇ ಬೀಳುತ್ತದೆ, ಹಳೆಯದರ ಬೆಲೆ ಕಳೆಯುವಂತಿಲ್ಲ.

ಮಾತುಕತೆಯ ಹೊತ್ತಿಗೇ ‘ಬೆಲೆ ಇಷ್ಟು, ಜಿಎಸ್‌ಟಿ ಬೇರೆ’ ಎಂದು ಬರೆಸಿಕೊಳ್ಳಿ. ಒಟ್ಟು ಮೊತ್ತಕ್ಕೆ ಕೈ ಕುಲುಕಿದರೆ ತೆರಿಗೆ ನಿಮ್ಮ ತಲೆಗೇ ಬರುತ್ತದೆ. ಗಾಡಿ ಕೊಟ್ಟ ದಿನವೇ ಇನ್ವಾಯ್ಸ್ ಹಾಕಿ, ಗಾಡಿ ಕೈಬದಲಾದದ್ದನ್ನು ತಿಳಿಸುವ ಫಾರಂ 29 ಅನ್ನು 14 ದಿನದೊಳಗೆ ಆರ್‌ಟಿಓಗೆ ಮುಟ್ಟಿಸಿ, ಅದರ ಸ್ವೀಕೃತಿಯನ್ನು ಆ ಗಾಡಿಯ ಸಾಲಿನ ಹಾಳೆಗೇ ಪಿನ್ ಮಾಡಿಡಿ.